ಯಾವ ಬಂಧ ಮೊದಲು ಮುರಿಯುತ್ತದೆ? ಫ್ರೀ ರ‍್ಯಾಡಿಕಲ್ ಲೆಕ್ಕಕ್ಕೊಂದು ಕೈಪಿಡಿ

ಡೊಂಬಿವಲಿಯ ಹನ್ನೆರಡನೇ ತರಗತಿಯ ಹುಡುಗಿ ಕೇಳುವುದೂ ಅದನ್ನೇ, ಪಿಂಪ್ರಿಯ ಫಾರ್ಮಸಿ ವಿದ್ಯಾರ್ಥಿ ಕೇಳುವುದೂ ಅದನ್ನೇ, ತಳೋಜದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ನಮ್ಮ ಹುಡುಗರು ಕೇಳುವುದೂ ಅದನ್ನೇ: ಈ ಸಂಯುಕ್ತವನ್ನು ಕಾಯಿಸಿದರೆ ಎಲ್ಲಿ ಒಡೆಯುತ್ತದೆ, ಒಡೆದ ತುಂಡು ಆಮೇಲೆ ಏನಾಗುತ್ತದೆ? ಬಾಣಲೆಯ ಎಣ್ಣೆ ಯಾಕೆ ಕೆಡುತ್ತದೆ ಎಂದು ಮಾತುಂಗದ ಹೋಟೆಲಿನವರು ಕೇಳಿದಾಗಲೂ ತಿರುಳಿನಲ್ಲಿ ಪ್ರಶ್ನೆ ಬೇರೆಯಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ವಿಧಾನವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೋಚಿಂಗ್ ತರಗತಿಗಳ ಟಿಪ್ಪಣಿಯಲ್ಲಿ ಈ ವಿಷಯಕ್ಕೆ ಸಿಗುವುದು ಒಂದೇ ಸಾಲು: ತೃತೀಯಕ ರ‍್ಯಾಡಿಕಲ್ ದ್ವಿತೀಯಕಕ್ಕಿಂತ ಸ್ಥಿರ, ದ್ವಿತೀಯಕ ಪ್ರಾಥಮಿಕಕ್ಕಿಂತ, ಪ್ರಾಥಮಿಕ ಮೀಥೈಲ್‌ಗಿಂತ. (ಒಂಟಿ ಎಲೆಕ್ಟ್ರಾನ್ ಹೊತ್ತ ತುಂಡೇ ರ‍್ಯಾಡಿಕಲ್; ಆ ಎಲೆಕ್ಟ್ರಾನ್ ಇರುವ ಕಾರ್ಬನ್‌ಗೆ ಮೂರು ಕಾರ್ಬನ್ ಅಂಟಿದ್ದರೆ ತೃತೀಯಕ, ಎರಡಾದರೆ ದ್ವಿತೀಯಕ, ಒಂದಾದರೆ ಪ್ರಾಥಮಿಕ.) ಸಾಲು ಸುಳ್ಳಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದವರು ಪೆರಾಕ್ಸೈಡ್ (ಎರಡು ಆಮ್ಲಜನಕ ಒಂದಕ್ಕೊಂದು ಅಂಟಿರುವ ಸಂಯುಕ್ತ) ಎದುರಾದ ಕೂಡಲೇ ತಡವರಿಸುತ್ತಾರೆ. ನನ್ನ ಸಲಹೆ ಬೇರೆ: ಬಂಧವನ್ನು ದಿಟ್ಟಿಸುತ್ತಾ ಕೂರಬೇಡಿ, ಅದು ಮುರಿದ ಮೇಲೆ ಉಳಿಯುವ ಎರಡು ತುಂಡುಗಳನ್ನು ಬರೆದು ನೋಡಿ. ತುಂಡುಗಳು ನೆಮ್ಮದಿಯಾಗಿದ್ದಷ್ಟೂ ಬಂಧ ದುರ್ಬಲ. ರ‍್ಯಾಡಿಕಲ್‌ನ ಸ್ಥಿರತೆ, ಸಂಯುಕ್ತದ ವಿಘಟನೆ ಎಂದು ಪುಸ್ತಕಗಳು ಎರಡು ಅಧ್ಯಾಯ ಮಾಡಿದರೂ ಲೆಕ್ಕ ಒಂದೇ.

ಕೈಯಲ್ಲಿ ಏನೇನಿರಬೇಕು

ಕಾಗದ, ಪೆನ್ಸಿಲ್, ರಬ್ಬರ್. ಹೈಡ್ರೋಜನ್‌ಗಳನ್ನು ನುಂಗದೆ ರಚನೆ ಬರೆಯುವ ತಾಳ್ಮೆ. ಜೊತೆಗೆ ಬಂಧ ವಿಯೋಜನಾ ಶಕ್ತಿಗಳ ಒಂದು ಪಟ್ಟಿ. ಬಿಎಸ್ಸಿ ಮಟ್ಟದ ಯಾವ ಸಾವಯವ ರಸಾಯನಶಾಸ್ತ್ರ ಪುಸ್ತಕದಲ್ಲೂ ಇರುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಅಂಕಿಗಳು ನಾಲ್ಕೈದು ಕಿಲೋಜೂಲ್ ಆಚೀಚೆ ಆಗುತ್ತವೆ, ಅದಕ್ಕೆ ಗಾಬರಿ ಬೇಡ. ಹಳೆಯ ಪುಸ್ತಕ ಕಿಲೋಕ್ಯಾಲರಿಯಲ್ಲಿ ಕೊಟ್ಟಿದ್ದರೆ 4.184ರಿಂದ ಗುಣಿಸಿ.

ಕೆಲವು ಪದಗಳು ಮೊದಲೇ ಗೊತ್ತಿರಲಿ. ಜೋಡಿ ಸಿಗದ ಒಂಟಿ ಎಲೆಕ್ಟ್ರಾನ್ ಇರುವ ಪರಮಾಣು ಅಥವಾ ಅಣುತುಂಡು ಫ್ರೀ ರ‍್ಯಾಡಿಕಲ್. ಬಂಧ ಮುರಿಯುವಾಗ ಅದರ ಎರಡು ಎಲೆಕ್ಟ್ರಾನ್‌ಗಳಲ್ಲಿ ಆಚೆಗೊಂದು ಈಚೆಗೊಂದು ಹೋದರೆ ಹೋಮೊಲಿಸಿಸ್. ಎರಡೂ ಒಂದೇ ಕಡೆಗೆ ಹೋಗಿ ಅಯಾನುಗಳು ಹುಟ್ಟಿದರೆ ಹೆಟೆರೊಲಿಸಿಸ್. ಅನಿಲ ಸ್ಥಿತಿಯಲ್ಲಿ ಒಂದು ಮೋಲ್ ಬಂಧಗಳನ್ನು ಹೋಮೊಲಿಸಿಸ್ ರೀತಿಯಲ್ಲಿ ಮುರಿಯಲು ತಗಲುವ ಶಕ್ತಿಯೇ ಬಂಧ ವಿಯೋಜನಾ ಶಕ್ತಿ. ಈ ಲೇಖನದಲ್ಲಿ ಬರುವ ಶಕ್ತಿಯ ಅಂಕಿಗಳೆಲ್ಲ ಮೋಲ್‌ಗೆ ಇಷ್ಟು ಕಿಲೋಜೂಲ್ ಎಂಬ ಲೆಕ್ಕದಲ್ಲಿವೆ. ಒಂದು ಎಲೆಕ್ಟ್ರಾನ್‌ನ ಚಲನೆಗೆ ಗಾಳದ ಆಕಾರದ ಅರೆಮೊನೆ ಬಾಣ, ಎರಡಕ್ಕೆ ಪೂರ್ಣ ಮೊನೆಯ ಬಾಣ. ಪರೀಕ್ಷೆಯಲ್ಲಿ ಇಲ್ಲಿ ಕಳೆದುಕೊಳ್ಳುವ ಅಂಕ ಶುದ್ಧ ದಂಡ.

ಹಂತ 1: ಇದು ನಿಜವಾಗಿ ರ‍್ಯಾಡಿಕಲ್ ವ್ಯವಹಾರವೇ?

ಕಾಯಿಸಿದ್ದೆಲ್ಲ ಹೋಮೊಲಿಸಿಸ್ ಅಲ್ಲ. ಪ್ರಶ್ನೆಯಲ್ಲಿ ಬೆಳಕು, ಪೆರಾಕ್ಸೈಡ್, ಅಜೋ ಸಂಯುಕ್ತ (ಎರಡು ನೈಟ್ರೋಜನ್ ಜೋಡಿಬಂಧದಲ್ಲಿರುವಂಥದ್ದು), ಅನಿಲ ಸ್ಥಿತಿಯಲ್ಲಿ ನೂರಾರು ಡಿಗ್ರಿ ಶಾಖ, ಇವುಗಳಲ್ಲಿ ಒಂದಾದರೂ ಇದೆಯೇ ನೋಡಿ. ಇದ್ದರೆ ಮುಂದುವರಿಯಿರಿ. ನೀರಿನಂಥ ಧ್ರುವೀಯ ದ್ರಾವಕ, ಆಮ್ಲ, ಪ್ರತ್ಯಾಮ್ಲ ಇದ್ದರೆ ಮೊದಲು ಅಯಾನುಗಳ ದಾರಿಯನ್ನು ಅನುಮಾನಿಸಿ.

ಗೋವಾದ ಗೇರುಬೀಜ ಕಾರ್ಖಾನೆಗಳಿಂದ ಒಳ್ಳೆಯ ಉದಾಹರಣೆ ಸಿಗುತ್ತದೆ. ಗೇರುಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಡೈಆಕ್ಸೈಡ್ ಹೊರಬಂತೆಂದು ವಿದ್ಯಾರ್ಥಿಗಳು ಕೂಡಲೇ ರ‍್ಯಾಡಿಕಲ್ ಚುಕ್ಕಿ ಇಟ್ಟುಬಿಡುತ್ತಾರೆ. ಉಂಗುರದಲ್ಲಿ ಆಮ್ಲದ ಪಕ್ಕದಲ್ಲೇ ಫೀನಾಲ್ ಗುಂಪು ಇರುವ ಇಂಥ ಆಮ್ಲಗಳು ಒಂಟಿ ಎಲೆಕ್ಟ್ರಾನ್‌ನ ನೆರವಿಲ್ಲದೆಯೇ, ಪ್ರೋಟಾನ್ ಜಾಗ ಬದಲಿಸುವ ದಾರಿಯಲ್ಲಿ ಡೈಆಕ್ಸೈಡ್ ಕಳೆದುಕೊಳ್ಳುತ್ತವೆ. ಉತ್ಪನ್ನವನ್ನು ನೋಡಿ ದಾರಿಯನ್ನು ಊಹಿಸಬಾರದು. ಕಾರ್ಡನಾಲ್ ಹೆಸರನ್ನು ಮಾತ್ರ ನೆನಪಿಡಿ, ಏಳನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 2: ದುರ್ಬಲ ಬಂಧಗಳಿಗೆ ಮೊದಲು ಗುರುತು ಹಾಕಿ

ರಚನೆಯನ್ನು ಪೂರ್ತಿ ಬರೆದ ಮೇಲೆ ಈ ಕ್ರಮದಲ್ಲಿ ಕಣ್ಣಾಡಿಸಿ. ಆಮ್ಲಜನಕ–ಆಮ್ಲಜನಕ ಬಂಧವಿದ್ದರೆ ಬೇರೆಡೆ ಹುಡುಕುವ ಅಗತ್ಯವೇ ಬಹುಮಟ್ಟಿಗೆ ಇಲ್ಲ: ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದು 210, ಎರಡೂ ಕಡೆ ಆಲ್ಕೈಲ್ ಇದ್ದರೆ 160ರ ಆಸುಪಾಸು, ಬೆಂಜಾಯಿಲ್ ಪೆರಾಕ್ಸೈಡ್‌ನಲ್ಲಿ ಇನ್ನೂ ಕಡಿಮೆ. ಆಮೇಲೆ ಹ್ಯಾಲೊಜನ್‌ಗಳು: ಅಯೋಡಿನ್ 151, ಬ್ರೋಮಿನ್ 193, ಕ್ಲೋರಿನ್ 243. ಫ್ಲೋರಿನ್ 159 ಮಾತ್ರ. ಸಾಲಿನಲ್ಲಿ ಮೇಲಿರುವುದರಿಂದ ಅದರ ಬಂಧವೇ ಎಲ್ಲಕ್ಕಿಂತ ಗಟ್ಟಿ ಎಂದು ಬರೆದು ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಇವೊಂದೂ ಇಲ್ಲದ ಸಾದಾ ಹೈಡ್ರೋಕಾರ್ಬನ್‌ನಲ್ಲಿ ಕಾರ್ಬನ್–ಕಾರ್ಬನ್ ಬಂಧ ಕಾರ್ಬನ್–ಹೈಡ್ರೋಜನ್‌ಗಿಂತ ಮೊದಲು ಹೋಗುತ್ತದೆ. ಈಥೇನ್‌ನ ಕಾರ್ಬನ್–ಕಾರ್ಬನ್ 377, ಅದೇ ಈಥೇನ್‌ನ ಕಾರ್ಬನ್–ಹೈಡ್ರೋಜನ್ 423.

ಅಜೋ ಸಂಯುಕ್ತಗಳಿಗೆ ಬೇರೆ ಲೆಕ್ಕ. ಕಾರ್ಖಾನೆಯವರಿಗೆ ಚಿರಪರಿಚಿತವಾದ ಎಐಬಿಎನ್ (ಅಜೋಬಿಸ್‌ಐಸೊಬ್ಯುಟೈರೊನೈಟ್ರೈಲ್ ಎಂಬ ಅಜೋ ಸಂಯುಕ್ತ) ಒಡೆಯುವುದು ಅಲ್ಲಿರುವ ಬಂಧ ಮೊದಲೇ ಜಾಳಾಗಿದೆ ಎಂಬ ಒಂದೇ ಕಾರಣಕ್ಕಲ್ಲ. ಒಡೆದಾಗ ನೈಟ್ರೋಜನ್ ಅನಿಲ ಹೊರಬರುತ್ತದೆ, ಅದರ ತ್ರಿಬಂಧದ ಬಲ 945. ಉಳಿಯುವ ಎರಡು ತುಂಡುಗಳೂ ತೃತೀಯಕ, ಮೇಲಾಗಿ ಸಯನೊ (ಕಾರ್ಬನ್–ನೈಟ್ರೋಜನ್ ತ್ರಿಬಂಧದ) ಗುಂಪಿನೊಂದಿಗೆ ಎಲೆಕ್ಟ್ರಾನ್ ಹಂಚಿಕೊಂಡಿರುತ್ತವೆ. ಮೂರು ಕಡೆಯಿಂದಲೂ ಲಾಭವಿರುವ ಒಡಕು ಇದು.

ಹಂತ 3: ಎರಡೂ ತುಂಡುಗಳನ್ನು ತೂಗಿ

ಇಲ್ಲಿ ಅವಸರ ಬೇಡ. ತುಂಡಿನ ಸ್ಥಿರತೆಯನ್ನು ಅಳೆಯಲು ವಾಡಿಕೆಯ ಮಾನದಂಡ, ಆ ಜಾಗದಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳಲು ತಗಲುವ ಶಕ್ತಿ. ಈ ಅಂಕಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ:

ಮೀಥೇನ್: 439
ಈಥೇನ್ (ಪ್ರಾಥಮಿಕ): 423
ಪ್ರೊಪೇನ್‌ನ ನಡುವಿನ ಕಾರ್ಬನ್ (ದ್ವಿತೀಯಕ): 412
ಐಸೊಬ್ಯೂಟೇನ್‌ನ ನಡುವಿನ ಕಾರ್ಬನ್ (ತೃತೀಯಕ): 404
ಟಾಲುಯೀನ್‌ನ ಮೀಥೈಲ್ (ಬೆಂಜೈಲ್): 375
ಪ್ರೊಪೀನ್‌ನ ಮೀಥೈಲ್ (ಅಲೈಲ್): 369
ಎಥೀನ್ (ವಿನೈಲ್): 463
ಬೆಂಜೀನ್ (ಫೀನೈಲ್): 472
ಎಥೈನ್: 557

ಮೊದಲ ನಾಲ್ಕು ಸಾಲುಗಳ ಇಳಿಕೆಗೆ ಪುಸ್ತಕಗಳು ಕೊಡುವ ಕಾರಣ ಹೈಪರ್‌ಕಾಂಜುಗೇಶನ್. ಎಂದರೆ, ಪಕ್ಕದ ಕಾರ್ಬನ್–ಹೈಡ್ರೋಜನ್ ಬಂಧಗಳು ಒಂಟಿ ಎಲೆಕ್ಟ್ರಾನ್ ಕೂತಿರುವ ಅರೆ ತುಂಬಿದ ಕಕ್ಷಕಕ್ಕೆ (ಎಲೆಕ್ಟ್ರಾನ್ ಇರುವ ಜಾಗಕ್ಕೆ) ಸ್ವಲ್ಪ ಎಲೆಕ್ಟ್ರಾನ್ ಸಾಂದ್ರತೆಯನ್ನು ಒದಗಿಸುತ್ತವೆ. ಪಕ್ಕದ ಕಾರ್ಬನ್‌ಗಳ ಮೇಲಿನ ಹೈಡ್ರೋಜನ್‌ಗಳನ್ನು ಎಣಿಸಿ: ಮೀಥೈಲ್‌ಗೆ ಸೊನ್ನೆ, ಈಥೈಲ್‌ಗೆ 3, ಐಸೊಪ್ರೊಪೈಲ್‌ಗೆ 6, ಟರ್ಷರಿ ಬ್ಯೂಟೈಲ್‌ಗೆ 9. ಆದರೆ ಇಳಿಕೆ ಎಷ್ಟೆಂದು ನೋಡಿ. ಮೀಥೈಲ್‌ನಿಂದ ತೃತೀಯಕದವರೆಗೆ ಬರೀ 35. ಕಾರ್ಬೊಕ್ಯಾಟಯಾನ್‌ಗಳಲ್ಲಿ (ಒಂಟಿ ಎಲೆಕ್ಟ್ರಾನ್ ಬದಲು ಧನಾವೇಶ ಇರುವ ಕಾರ್ಬನ್ ತುಂಡುಗಳಲ್ಲಿ) ಇದೇ ಅಂತರ ಅನಿಲ ಸ್ಥಿತಿಯಲ್ಲಿ ಮುನ್ನೂರು ದಾಟುತ್ತದೆ. ಕ್ಯಾಟಯಾನ್ ಪಾಠದಲ್ಲಿ ಕಲಿತ ಭಾರೀ ವ್ಯತ್ಯಾಸವನ್ನೇ ಇಲ್ಲಿಗೂ ತಂದು ಹಾಕಿದರೆ ಉತ್ತರ ಹಳ್ಳ ಹಿಡಿಯುತ್ತದೆ. ಕ್ರಮ ಒಂದೇ ಇದ್ದರೂ ಪ್ರಮಾಣ ಬೇರೆ.

ಅನುರಣನದ ಪ್ರಭಾವ ದೊಡ್ಡದು. ಅನುರಣನವೆಂದರೆ ಒಂಟಿ ಎಲೆಕ್ಟ್ರಾನ್ ಒಂದೇ ಕಾರ್ಬನ್ ಮೇಲೆ ಕೂರದೆ ಹಲವು ಕಾರ್ಬನ್‌ಗಳ ಮೇಲೆ ಹರಡಿಕೊಳ್ಳುವುದು. ಅಲೈಲ್, ಬೆಂಜೈಲ್ ಎರಡೂ ತೃತೀಯಕವನ್ನು ಸುಲಭವಾಗಿ ಹಿಂದಿಕ್ಕುತ್ತವೆ. ಈ ಎರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪಟ್ಟಿ ಬದಲಾದರೆ ಅಂತರವೂ ಬದಲಾಗುತ್ತದೆ.

ಎಚ್ಚರಿಕೆ: ಫೀನೈಲ್ ಬೇರೆ, ಬೆಂಜೈಲ್ ಬೇರೆ. ಹೆಸರಿನಲ್ಲಿ ಉಂಗುರ ಕಂಡ ಕೂಡಲೇ ಅನುರಣನ ಎಂದು ಬರೆಯುವವರು ಬಹಳ. ಫೀನೈಲ್ ರ‍್ಯಾಡಿಕಲ್‌ನ ಒಂಟಿ ಎಲೆಕ್ಟ್ರಾನ್ ಇರುವುದು ಉಂಗುರದ ಸಮತಲದಲ್ಲಿ ಹೊರಗೆ ಚಾಚಿರುವ ಎಸ್‌ಪಿ2 ಕಕ್ಷಕದಲ್ಲಿ. ಉಂಗುರದ ಪೈ (ಜೋಡಿಬಂಧದ) ಎಲೆಕ್ಟ್ರಾನ್‌ಗಳಿರುವುದು ಸಮತಲದ ಮೇಲೆ ಮತ್ತು ಕೆಳಗೆ. ಅವೆರಡಕ್ಕೂ ಮಾತುಕತೆಯೇ ಇಲ್ಲ. ಹಾಗಾಗಿ ಫೀನೈಲ್ (472) ಮೀಥೈಲ್‌ಗಿಂತಲೂ (439) ಕಡೆ. ವಿನೈಲ್ ಕತೆಯೂ ಇಷ್ಟೇ.

ಈಗ ಇದನ್ನು ಬಂಧಕ್ಕೆ ಹಚ್ಚಿ ನೋಡೋಣ. ಈಥೇನ್‌ನಲ್ಲಿ ಕಾರ್ಬನ್–ಕಾರ್ಬನ್ ಬಂಧ 377. ಮುರಿದರೆ ಎರಡು ಮೀಥೈಲ್. ಈಥೈಲ್ ಬೆಂಜೀನ್‌ನ ಪಕ್ಕಸರಪಳಿಯಲ್ಲಿರುವ ಕಾರ್ಬನ್–ಕಾರ್ಬನ್ ಬಂಧ ಸುಮಾರು 325. ಮುರಿದರೆ ಒಂದು ಮೀಥೈಲ್, ಒಂದು ಬೆಂಜೈಲ್. ಬೈಬೆಂಜೈಲ್‌ನ ನಡುಬಂಧ ಸುಮಾರು 273; ಮುರಿದರೆ ಎರಡೂ ಬೆಂಜೈಲ್. ಒಂದು ಮೀಥೈಲ್ ಜಾಗಕ್ಕೆ ಬೆಂಜೈಲ್ ಬಂದಾಗಲೆಲ್ಲ ಐವತ್ತರಷ್ಟು ಇಳಿಯುತ್ತಿದೆ. ಮೂರೂ ಕಡೆ ಬಂಧ ಒಂದೇ ಜಾತಿಯದು, ಎರಡು ಎಸ್‌ಪಿ3 ಕಾರ್ಬನ್‌ಗಳ ನಡುವಿನದು. ಬದಲಾದದ್ದು ಮುರಿದ ಮೇಲಿನ ತುಂಡುಗಳು ಮಾತ್ರ. ಈಥೈಲ್ ಬೆಂಜೀನ್‌ನಲ್ಲಿ ಉಂಗುರಕ್ಕೆ ನೇರ ಅಂಟಿಕೊಂಡಿರುವ ಇನ್ನೊಂದು ಬಂಧ ಮುರಿದರೆ ಫೀನೈಲ್ ಹುಟ್ಟಬೇಕು. ಅದಕ್ಕೆ ನಾನೂರಕ್ಕೂ ಮೇಲೆ ತೆರಬೇಕು, ಹಾಗಾಗಿ ಅದು ಮುರಿಯುವುದಿಲ್ಲ.

ಪಕ್ಕದಲ್ಲಿ ಆಮ್ಲಜನಕವೋ ನೈಟ್ರೋಜನ್ನೋ ಇದ್ದರೆ ಅವುಗಳ ಒಂಟಿಜೋಡಿಯೂ ರ‍್ಯಾಡಿಕಲ್‌ಗೆ ಆಸರೆ. ಡೈಈಥೈಲ್ ಈಥರ್‌ನಲ್ಲಿ ಆಮ್ಲಜನಕದ ಪಕ್ಕದ ಕಾರ್ಬನ್–ಹೈಡ್ರೋಜನ್ ಸುಮಾರು 390. ಇದು ಮುಂದೆ ಅಪಾಯದ ಮಾತಾಗಿ ಬರುತ್ತದೆ.

ಸ್ಥಿರತೆಯೇ ದೀರ್ಘಾಯುಷ್ಯವಲ್ಲ

"ಟರ್ಷರಿ ಬ್ಯೂಟೈಲ್ ಸ್ಥಿರವಾದರೆ ಅದನ್ನು ಬಾಟಲಿಯಲ್ಲಿ ಇಡಬಹುದೇ?" ಪ್ರಶ್ನೆ ಚೆನ್ನಾಗಿದೆ, ಉತ್ತರ ಇಲ್ಲ ಎಂದು. ಮೇಲಿನ ಪಟ್ಟಿಯ ಸ್ಥಿರತೆ ಶಕ್ತಿಯ ಲೆಕ್ಕ, ಅದೂ ಮೀಥೈಲ್‌ಗೆ ಹೋಲಿಸಿದ ಲೆಕ್ಕ. ಎರಡು ಟರ್ಷರಿ ಬ್ಯೂಟೈಲ್‌ಗಳು ಎದುರಾದರೆ ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತವೆ. ರ‍್ಯಾಡಿಕಲ್ ಬದುಕುಳಿಯಬೇಕಾದರೆ ಒಂಟಿ ಎಲೆಕ್ಟ್ರಾನ್ ಹತ್ತಿರ ಇನ್ನೊಂದು ಅಣು ಸುಳಿಯದಂತೆ ಸುತ್ತ ದೊಡ್ಡ ಗುಂಪುಗಳ ಕಾವಲು ಬೇಕು.

1900ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗೋಂಬರ್ಗ್ ಹೆಕ್ಸಾಫೀನೈಲ್ ಈಥೇನ್ ತಯಾರಿಸಲು ಹೊರಟು, ಟ್ರೈಫೀನೈಲ್‌ಮೀಥೈಲ್ ಎಂಬ ರ‍್ಯಾಡಿಕಲ್ ದ್ರಾವಣದಲ್ಲಿ ಉಳಿದಿರುವುದನ್ನು ಕಂಡರು. ಅಲ್ಲಿ ಅನುರಣನವೂ ಇದೆ, ಮೂರು ಉಂಗುರಗಳ ಕಾವಲೂ ಇದೆ. ಎರಡು ಟ್ರೈಫೀನೈಲ್‌ಮೀಥೈಲ್‌ಗಳು ಸೇರಿದಾಗ ಆಗುವುದು ಹೆಕ್ಸಾಫೀನೈಲ್ ಈಥೇನ್ ಅಲ್ಲ. ಒಂದರ ನಡುಕಾರ್ಬನ್ ಇನ್ನೊಂದರ ಉಂಗುರದ ತುದಿಗೆ ಅಂಟಿಕೊಳ್ಳುತ್ತದೆ ಎಂಬುದು ಖಚಿತವಾದದ್ದು 1968ರಲ್ಲಿ. ಹಳೆಯ ಗೈಡುಗಳಲ್ಲಿ ಇನ್ನೂ ತಪ್ಪು ರಚನೆ ಓಡಾಡುತ್ತಿದೆ, ನೋಡಿಕೊಳ್ಳಿ.

ಬಾಟಲಿಯಲ್ಲಿ ಪುಡಿಯಾಗಿ ಸಿಗುವ ರ‍್ಯಾಡಿಕಲ್ ಬೇಕೆಂದರೆ ಡಿಪಿಪಿಎಚ್ (ಡೈಫೀನೈಲ್‌ಪಿಕ್ರೈಲ್‌ಹೈಡ್ರಜಿಲ್). ಪುಣೆ, ಮುಂಬಯಿಯ ಫಾರ್ಮಸಿ ವಿದ್ಯಾರ್ಥಿಗಳು ಪುನರ್ಪುಳಿ ಸಿಪ್ಪೆಯ ಸಾರಕ್ಕೆ ಉತ್ಕರ್ಷಣ ತಡೆಯುವ ಗುಣವಿದೆಯೇ ಎಂದು ನೋಡುವುದು ಇದರಲ್ಲೇ: ನೇರಳೆ ದ್ರಾವಣ ಹೈಡ್ರೋಜನ್ ಸಿಕ್ಕ ಮೇಲೆ ಹಳದಿಗೆ ತಿರುಗುತ್ತದೆ, 517 ನ್ಯಾನೊಮೀಟರ್‌ನಲ್ಲಿ ಬಣ್ಣ ಇಳಿದದ್ದನ್ನು ಅಳೆಯುತ್ತಾರೆ. ಸಾರಕ್ಕೇ ಗಾಢ ಬಣ್ಣವಿದ್ದರೆ ಅದರ ಬಣ್ಣವನ್ನು ಪ್ರತ್ಯೇಕವಾಗಿ ಅಳೆದು ಕಳೆಯಬೇಕು, ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ.

ಹಂತ 4: ಹುಟ್ಟಿದ ರ‍್ಯಾಡಿಕಲ್‌ನ ಮುಂದಿನ ನಡೆ

ಅದರ ಮುಂದೆ ಕೆಲವೇ ದಾರಿಗಳಿವೆ. ಪಕ್ಕದ ಅಣುವಿನಿಂದ ಹೈಡ್ರೋಜನ್ ಕಸಿಯಬಹುದು, ಜೋಡಿಬಂಧಕ್ಕೆ ಸೇರಿಕೊಳ್ಳಬಹುದು, ಇನ್ನೊಂದು ರ‍್ಯಾಡಿಕಲ್ ಜೊತೆ ಕೂಡಬಹುದು, ಇಲ್ಲವೇ ತಾನೇ ಮತ್ತೆ ಒಡೆಯಬಹುದು. ಕೊನೆಯದರಲ್ಲೇ ಹೆಚ್ಚು ಮಂದಿ ಎಡವುತ್ತಾರೆ.

ಬೀಟಾ ವಿದಳನ ಎಂದರೆ ರ‍್ಯಾಡಿಕಲ್ ಕಾರ್ಬನ್‌ಗೆ ನೇರ ತಗುಲಿದ ಬಂಧವಲ್ಲ, ಅದರಾಚೆಯ ಬಂಧ ಮುರಿಯುವುದು. ಆಗ ನಡುವೆ ಹೊಸ ಜೋಡಿಬಂಧ ಹುಟ್ಟುತ್ತದೆ; ಮುರಿಯುವ ಖರ್ಚಿನ ದೊಡ್ಡ ಪಾಲನ್ನು ಅದೇ ಭರಿಸುತ್ತದೆ. ಟರ್ಷರಿ ಬ್ಯುಟಾಕ್ಸಿ ರ‍್ಯಾಡಿಕಲ್ ಹೀಗೆ ಒಡೆದು ಅಸಿಟೋನ್ ಮತ್ತು ಮೀಥೈಲ್ ಆಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್‌ನ ಅರ್ಧ ತುಂಡು ಇಂಗಾಲದ ಡೈಆಕ್ಸೈಡ್ ಬಿಟ್ಟು ಫೀನೈಲ್ ಆಗುತ್ತದೆ.

ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಊರಿಗೆ ಹೋಗುವಾಗ ಸಿಗುವ ನಾಗೋಠಾಣೆಯ ಗ್ಯಾಸ್ ಕ್ರ್ಯಾಕರ್‌ನಲ್ಲಿ ನಡೆಯುವುದು ಇದೇ. ಈಥೇನ್ ಅನಿಲವನ್ನು ಹಬೆಯ ಜೊತೆ 800 ಡಿಗ್ರಿ ಸೆಲ್ಸಿಯಸ್‌ನ ಆಚೆಗೆ ಕಾಯಿಸುತ್ತಾರೆ. ಮೊದಲು ಕಾರ್ಬನ್–ಕಾರ್ಬನ್ ಮುರಿದು ಎರಡು ಮೀಥೈಲ್ ಹುಟ್ಟುತ್ತವೆ. ಮೀಥೈಲ್ ಬೇರೊಂದು ಈಥೇನ್‌ನಿಂದ ಹೈಡ್ರೋಜನ್ ಕಸಿದು ಮೀಥೇನ್ ಆಗುತ್ತದೆ, ಈಥೈಲ್ ರ‍್ಯಾಡಿಕಲ್ ಉಳಿಯುತ್ತದೆ. ಈಥೈಲ್ ಬೀಟಾ ಜಾಗದ ಹೈಡ್ರೋಜನ್ ಉದುರಿಸಿ ಎಥೀನ್ ಆಗುತ್ತದೆ. ಉದುರಿದ ಹೈಡ್ರೋಜನ್ ಪರಮಾಣು ಮತ್ತೊಂದು ಈಥೇನ್ ಮೇಲೆ ಬಿದ್ದು ಹೈಡ್ರೋಜನ್ ಅನಿಲವಾಗಿ, ಹೊಸ ಈಥೈಲ್ ಕೊಡುತ್ತದೆ. ಕೊನೆಯ ಎರಡು ನಡೆಗಳು ಮತ್ತೆ ಮತ್ತೆ ತಿರುಗುವುದರಿಂದಲೇ ಕಾರ್ಖಾನೆಯಿಂದ ಹೊರಬರುವುದು ಮುಖ್ಯವಾಗಿ ಎಥೀನ್ ಮತ್ತು ಹೈಡ್ರೋಜನ್. ಮೀಥೇನ್ ಸ್ವಲ್ಪ ಮಾತ್ರ. ಈ ಬಗೆಯ ಸರಪಳಿಯನ್ನು ರೈಸ್ ಮತ್ತು ಹರ್ಟ್ಸ್‌ಫೆಲ್ಡ್ 1934ರಲ್ಲಿ ವಿವರಿಸಿದರು.

ಎಚ್ಚರಿಕೆ: ರ‍್ಯಾಡಿಕಲ್‌ನಲ್ಲಿ ಮೀಥೈಲ್ ಗುಂಪನ್ನು ಪಕ್ಕದ ಕಾರ್ಬನ್‌ಗೆ ಜಿಗಿಸಬೇಡಿ. ನಿಯೊಪೆಂಟೈಲ್ ಕ್ಯಾಟಯಾನ್ ತಕ್ಷಣ ಮರುಜೋಡಣೆಗೊಳ್ಳುತ್ತದೆ, ನಿಯೊಪೆಂಟೈಲ್ ರ‍್ಯಾಡಿಕಲ್ ಇದ್ದಲ್ಲೇ ಇರುತ್ತದೆ. ಫೀನೈಲ್ ಗುಂಪು ಜಿಗಿಯುವುದುಂಟು, ಅದು ಎಂಎಸ್ಸಿಯ ಮಾತು.

ಹಂತ 5: ಎಷ್ಟು ಹೈಡ್ರೋಜನ್, ಎಷ್ಟು ಚುರುಕು – ಎರಡನ್ನೂ ಗುಣಿಸಿ

ಸ್ಥಿರ ರ‍್ಯಾಡಿಕಲ್ ಕೊಡುವ ಜಾಗವೇ ಯಾವಾಗಲೂ ಗೆಲ್ಲುತ್ತದೆ ಎಂದುಕೊಂಡರೆ ಕ್ಲೋರಿನ್ ಮಣ್ಣುಮುಕ್ಕಿಸುತ್ತದೆ. ಸಾಮಾನ್ಯ ತಾಪಮಾನದಲ್ಲಿ ಕ್ಲೋರಿನ್ ಪರಮಾಣು ಪ್ರಾಥಮಿಕ, ದ್ವಿತೀಯಕ, ತೃತೀಯಕ ಹೈಡ್ರೋಜನ್‌ಗಳನ್ನು ಕಸಿಯುವ ವೇಗದ ಅನುಪಾತ 1 : 3.8 : 5. ಐಸೊಬ್ಯೂಟೇನ್‌ನಲ್ಲಿ ಪ್ರಾಥಮಿಕ ಹೈಡ್ರೋಜನ್ 9, ತೃತೀಯಕ ಒಂದೇ. ಗುಣಿಸಿದರೆ 9ಕ್ಕೆ 5. ಎಂದರೆ ಸುಮಾರು 64 ಶೇಕಡ ಉತ್ಪನ್ನ "ಕಡಿಮೆ ಸ್ಥಿರ" ಜಾಗದಿಂದ ಬರುತ್ತದೆ. ಬ್ಯೂಟೇನ್‌ಗೆ ಇದೇ ಲೆಕ್ಕ ನೀವೇ ಮಾಡಿ; ದ್ವಿತೀಯಕ ಉತ್ಪನ್ನ 72 ಶೇಕಡ ಹತ್ತಿರ ಬರಬೇಕು.

ಬ್ರೋಮಿನ್ ಹಾಗಲ್ಲ. 127 ಡಿಗ್ರಿಯಲ್ಲಿ ಅದರ ಅನುಪಾತ 1 : 82 : 1600. ಐಸೊಬ್ಯೂಟೇನ್‌ನಲ್ಲಿ 9ಕ್ಕೆ 1600, ಬಹುತೇಕ ಎಲ್ಲವೂ ತೃತೀಯಕ. ಕಾರಣ ಬಂಧಗಳ ಪಟ್ಟಿಯಲ್ಲೇ ಇದೆ. ಹೈಡ್ರೋಜನ್–ಕ್ಲೋರಿನ್ ಬಂಧ 431, ಹೈಡ್ರೋಜನ್–ಬ್ರೋಮಿನ್ 366. ಈಥೇನ್‌ನ 423 ಮುರಿದರೂ ಕ್ಲೋರಿನ್‌ಗೆ ಲಾಭ, ಐಸೊಬ್ಯೂಟೇನ್‌ನ 404 ಮುರಿದರೂ ಲಾಭ. ಬ್ರೋಮಿನ್‌ಗೆ ಎರಡೂ ನಷ್ಟ, ಹಾಗಾಗಿ ನಷ್ಟ ಕಡಿಮೆಯಾಗುವ ಜಾಗವನ್ನು ಹುಡುಕುತ್ತದೆ. ಹಸಿವು ರುಚಿಯರಿಯದು ಎಂಬ ಗಾದೆ ಕ್ಲೋರಿನ್‌ಗೆ ಚೆನ್ನಾಗಿ ಒಪ್ಪುತ್ತದೆ.

ಹಂತ 6: ತಾಪಮಾನ ಮತ್ತು ಸಮಯ

ಕಾರ್ಖಾನೆಯವರು ಈ ಹಂತವನ್ನು ನಿಧಾನವಾಗಿ ಓದಬೇಕು. ಇನಿಶಿಯೇಟರ್‌ಗಳ (ಸರಪಳಿ ಶುರುಮಾಡಲು ಹಾಕುವ, ಸುಲಭವಾಗಿ ಒಡೆಯುವ ಪದಾರ್ಥಗಳ) ಬಲವನ್ನು ಅರ್ಧಾಯುಷ್ಯದಲ್ಲಿ ಹೇಳುತ್ತಾರೆ, ಎಂದರೆ ಅರ್ಧ ಭಾಗ ಒಡೆಯಲು ಹಿಡಿಯುವ ಕಾಲ. ಹತ್ತು ಗಂಟೆಯ ಅರ್ಧಾಯುಷ್ಯ ಎಐಬಿಎನ್‌ಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಂಜಾಯಿಲ್ ಪೆರಾಕ್ಸೈಡ್‌ಗೆ 70 ದಾಟಿದ ಮೇಲೆ, ಡೈ ಟರ್ಷರಿ ಬ್ಯೂಟೈಲ್ ಪೆರಾಕ್ಸೈಡ್‌ಗೆ 125ರ ಆಸುಪಾಸಿನಲ್ಲಿ.

ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿ ಎಂಬ ಶಾಲೆಯ ಸೂತ್ರವನ್ನು ಇಲ್ಲಿ ನಂಬಬೇಡಿ. ಎಐಬಿಎನ್‌ನ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ತಡೆ) 130ರ ಹತ್ತಿರ. ಅರ್ಹೇನಿಯಸ್ ಸಮೀಕರಣದಲ್ಲಿ ಹಾಕಿ ನೋಡಿದರೆ 65ರಿಂದ 75 ಡಿಗ್ರಿಗೆ ಹೋಗುವಾಗ ವೇಗ ಮೂರೂಮುಕ್ಕಾಲು ಪಟ್ಟು ಆಗುತ್ತದೆ. ಹತ್ತು ಗಂಟೆಯದು ಮೂರು ಗಂಟೆಯೊಳಗೆ ಇಳಿಯಿತು. ಮೇ ತಿಂಗಳಲ್ಲಿ ತಗಡಿನ ಚಾವಣಿಯ ಗೋದಾಮಿನಲ್ಲಿ ಇಂಥ ಡ್ರಮ್ ಇಡುವುದು ಯಾಕೆ ಬೇಡ ಎಂಬುದಕ್ಕೆ ಈ ಲೆಕ್ಕ ಸಾಕು. ಒಡೆಯುವಾಗ ಶಾಖ ಹೊರಬರುತ್ತದೆ, ಆ ಶಾಖ ಉಳಿದದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಬೆಂಜಾಯಿಲ್ ಪೆರಾಕ್ಸೈಡನ್ನು ನೀರಿನಲ್ಲಿ ತೇವವಾಗಿಟ್ಟು ಮಾರುವುದು ತೂಕ ಹೆಚ್ಚಿಸಲು ಅಲ್ಲ. ಒಣಗಿದ ಪುಡಿ ಉಜ್ಜಿದರೆ ಸಿಡಿಯಬಹುದು. ಒಣಗಿಸುವ ಪ್ರಯೋಗ ಬೇಡವೇ ಬೇಡ.

ಇನ್ನೊಂದು ಮಾತು. ಒಡೆದ ತುಂಡುಗಳೆಲ್ಲ ಕೆಲಸಕ್ಕೆ ಬರುವುದಿಲ್ಲ. ದ್ರಾವಕದ ಅಣುಗಳು ಸುತ್ತುವರಿದಿರುವುದರಿಂದ ಒಂದಷ್ಟು ಜೋಡಿಗಳು ಹೊರಬರುವ ಮೊದಲೇ ಪರಸ್ಪರ ಕೂಡಿಬಿಡುತ್ತವೆ. ಎಐಬಿಎನ್‌ನಲ್ಲಿ ಹೀಗೆ ಕೂಡಿದಾಗ ಆಗುವ ಡೈನೈಟ್ರೈಲ್ ವಿಷಕಾರಿ, ಪಾತ್ರೆ ತೊಳೆಯುವವರಿಗೂ ಕೈಗವಸು ಕಡ್ಡಾಯ.

ಹಂತ 7: ಗಾಳಿಯಲ್ಲಿ ಆಮ್ಲಜನಕವಿದೆ ಎಂಬುದನ್ನು ಮರೆಯಬೇಡಿ

ಕಾಗದದ ಮೇಲೆ ಎಲ್ಲ ಸರಿಯಿದ್ದರೂ ಬಾಟಲಿಯಲ್ಲಿ ಬೇರೆಯೇ ಆಗುವುದು ಇದರಿಂದ. ಆಮ್ಲಜನಕದ ಅಣುವಿನಲ್ಲೇ ಜೋಡಿಯಿಲ್ಲದ ಎರಡು ಎಲೆಕ್ಟ್ರಾನ್‌ಗಳಿವೆ. ಕಾರ್ಬನ್ ರ‍್ಯಾಡಿಕಲ್ ಸಿಕ್ಕರೆ ಅದನ್ನು ತಕ್ಷಣ ಹಿಡಿದು ಪೆರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಪೆರಾಕ್ಸಿಲ್ ಇನ್ನೊಂದು ಅಣುವಿನಿಂದ ಹೈಡ್ರೋಜನ್ ಕಸಿದು ಹೈಡ್ರೋಪೆರಾಕ್ಸೈಡ್ ಆಗುತ್ತದೆ, ಹೊಸ ಕಾರ್ಬನ್ ರ‍್ಯಾಡಿಕಲ್ ಹುಟ್ಟುತ್ತದೆ. ಹೀಗೆ ಕಸಿದಾಗ ಹುಟ್ಟುವ ಆಮ್ಲಜನಕ–ಹೈಡ್ರೋಜನ್ ಬಂಧದ ಬಲ 365ರಿಂದ 370. ಆದ್ದರಿಂದ ಪೆರಾಕ್ಸಿಲ್‌ಗೆ ಸುಲಭದ ತುತ್ತಾಗುವುದು ಆ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುವ ಹೈಡ್ರೋಜನ್‌ಗಳು.

ಅಡುಗೆ ಎಣ್ಣೆಗೆ ಇದನ್ನು ಹಚ್ಚಿ. ಸೂರ್ಯಕಾಂತಿ ಎಣ್ಣೆಯ ಲಿನೋಲೀಯಿಕ್ ಆಮ್ಲದಲ್ಲಿ ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್‌ಗಳಿವೆ. ಅವುಗಳ ಬಂಧ 320ರ ಹತ್ತಿರ ಮಾತ್ರ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ 90 ಶೇಕಡದಷ್ಟು ಪರ್ಯಾಪ್ತ (ಜೋಡಿಬಂಧವಿಲ್ಲದ್ದು), ಅಂಥ ದುರ್ಬಲ ಜಾಗ ತೀರ ಕಡಿಮೆ. ಹಾಗಾಗಿ ತೆಂಗಿನೆಣ್ಣೆ ಗಾಳಿಗೆ ಹೆಚ್ಚು ಕಾಲ ತಾಳುತ್ತದೆ. ಮಳೆಗಾಲದಲ್ಲಿ ತೆಂಗಿನೆಣ್ಣೆಗೆ ಸಾಬೂನಿನಂಥ ಕಮಟು ಬಂದರೆ ಅದಕ್ಕೆ ಬಹುಪಾಲು ಕಾರಣ ನೀರಿನಂಶ ಮತ್ತು ಬೂಷ್ಟು ಸೇರಿ ಕೊಬ್ಬಿನಾಮ್ಲಗಳನ್ನು ಬಿಡಿಸುವುದು. ಅದು ರ‍್ಯಾಡಿಕಲ್ ಕೆಲಸವಲ್ಲ. ಎರಡಕ್ಕೂ ಮದ್ದು ಬೇರೆ: ಒಂದಕ್ಕೆ ಗಾಳಿ–ಬೆಳಕು ತಪ್ಪಿಸಬೇಕು, ಇನ್ನೊಂದಕ್ಕೆ ತೇವ.

ಹೋಟೆಲಿನವರಿಗೆ: ತಾಮ್ರ, ಕಬ್ಬಿಣದ ಅಂಶ ಹೈಡ್ರೋಪೆರಾಕ್ಸೈಡ್‌ಗಳನ್ನು ಒಡೆದು ಸರಪಳಿಯನ್ನು ಕವಲೊಡೆಸುತ್ತದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಎಣ್ಣೆ ಇಡಬೇಡಿ. ಹಳೆಯ ಎಣ್ಣೆಗೆ ಹೊಸದನ್ನು ಬೆರೆಸಿದರೆ ಹಳೆಯದರ ಪೆರಾಕ್ಸೈಡ್‌ಗಳು ಹೊಸದಕ್ಕೂ ಕಿಡಿ ಹಚ್ಚುತ್ತವೆ. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಪದಾರ್ಥಗಳು (ಎಣ್ಣೆ ಕೆಟ್ಟಂತೆ ಹೆಚ್ಚುವಂಥವು) 25 ಶೇಕಡ ದಾಟಿದರೆ ಅದನ್ನು ಬಳಸಬಾರದೆಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಬಣ್ಣ ನೋಡಿ ಹೇಳುವ ಅಡುಗೆಭಟ್ಟರ ಅಂದಾಜನ್ನು ಗೌರವಿಸುತ್ತೇನೆ, ಆದರೆ ಅಳೆಯುವ ಉಪಕರಣವನ್ನೇ ನಂಬುತ್ತೇನೆ.

ತಡೆಯುವ ಬಗೆಯೂ ಇದೇ ಅಂಕಿಗಳಲ್ಲಿದೆ. ಸಾದಾ ಫೀನಾಲ್‌ನ ಆಮ್ಲಜನಕ–ಹೈಡ್ರೋಜನ್ ಬಂಧ ಸುಮಾರು 365, ಬಿಎಚ್‌ಟಿ ಎಂಬ ಸಂರಕ್ಷಕದಲ್ಲಿ 340ರ ಹತ್ತಿರ. ಪೆರಾಕ್ಸಿಲ್ ಎಣ್ಣೆಯನ್ನು ಬಿಟ್ಟು ಇದರ ಹೈಡ್ರೋಜನ್ ಕಸಿಯುತ್ತದೆ. ಉಳಿಯುವ ಫೀನಾಕ್ಸಿಲ್ ರ‍್ಯಾಡಿಕಲ್‌ಗೆ ಅನುರಣನವೂ ಕಾವಲೂ ಇರುವುದರಿಂದ ಅದು ಸರಪಳಿ ಮುಂದುವರಿಸುವುದಿಲ್ಲ. ಗೇರುಸಿಪ್ಪೆಯ ಕಾರ್ಡನಾಲ್ ಕೂಡ ಫೀನಾಲ್ ಜಾತಿಯದೇ. ಅದರಿಂದ ಉತ್ಕರ್ಷಣ ನಿರೋಧಕಗಳನ್ನು ಮಾಡಲು ಸಾಧ್ಯವಾಗುವುದು ಇದೇ ಕಾರಣಕ್ಕೆ.

ಪ್ರಯೋಗಾಲಯದವರಿಗೆ ಕಟ್ಟುನಿಟ್ಟಿನ ಎಚ್ಚರಿಕೆ. ಈಥರ್‌ಗಳು ಗಾಳಿಯಲ್ಲಿ ಪೆರಾಕ್ಸೈಡ್ ಕಟ್ಟುತ್ತವೆ. ಡೈಐಸೊಪ್ರೊಪೈಲ್ ಈಥರ್ ಎಲ್ಲಕ್ಕಿಂತ ಕೆಟ್ಟದ್ದು: ಆಮ್ಲಜನಕದ ಎರಡೂ ಪಕ್ಕದಲ್ಲಿ ತೃತೀಯಕ ಹೈಡ್ರೋಜನ್. ಬಾಟಲಿ ತೆರೆದ ದಿನಾಂಕವನ್ನು ಚೀಟಿಯ ಮೇಲೆ ಬರೆಯಿರಿ. ಬಳಸುವ ಮೊದಲು ಸ್ವಲ್ಪ ಈಥರ್‌ಗೆ ಆಮ್ಲೀಯ ಪೊಟ್ಯಾಸಿಯಂ ಅಯೋಡೈಡ್ ಹಾಕಿ ಕುಲುಕಿ. ಹಳದಿ ಅಥವಾ ಕಂದು ಬಂದರೆ ಪೆರಾಕ್ಸೈಡ್ ಇದೆ. ಯಾವ ಈಥರನ್ನೂ ಪೂರ್ತಿ ಒಣಗುವವರೆಗೆ ಬಟ್ಟಿ ಇಳಿಸಬೇಡಿ, ಈಥರ್ ಆವಿಯಾದಂತೆ ಪೆರಾಕ್ಸೈಡ್ ತಳದಲ್ಲಿ ದಟ್ಟವಾಗುತ್ತದೆ. ಹಳೆಯ ಬಾಟಲಿಯ ಮುಚ್ಚಳದ ಸುತ್ತ ಹರಳು ಕಂಡರೆ ಮುಟ್ಟಬೇಡಿ, ತಿರುಗಿಸಬೇಡಿ. ಜಾಗ ಖಾಲಿ ಮಾಡಿ ಜವಾಬ್ದಾರಿಯವರಿಗೆ ತಿಳಿಸಿ. ಕಂದು ಗಾಜಿನ ಬಾಟಲಿ ಬೆಳಕನ್ನಷ್ಟೇ ತಡೆಯುತ್ತದೆ, ಗಾಳಿಯನ್ನಲ್ಲ.

ನೀವೇ ಮಾಡಿ ನೋಡಿ

ಡೈ ಟರ್ಷರಿ ಬ್ಯೂಟೈಲ್ ಪೆರಾಕ್ಸೈಡನ್ನು ಟಾಲುಯೀನ್‌ನಲ್ಲಿ, ಗಾಳಿ ಇಲ್ಲದಂತೆ, ಮುಚ್ಚಿದ ಪಾತ್ರೆಯಲ್ಲಿ 130 ಡಿಗ್ರಿಗೆ ಕಾಯಿಸಿದರೆ ಏನೇನು ಸಿಗುತ್ತದೆ? ಮುಂದಿನ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಏಳೂ ಹಂತಗಳನ್ನು ಬರೆಯಿರಿ.

ಪೆರಾಕ್ಸೈಡ್ ಇದೆ, ರ‍್ಯಾಡಿಕಲ್ ವ್ಯವಹಾರವೇ ಹೌದು. ಮುರಿಯುವುದು ಆಮ್ಲಜನಕ–ಆಮ್ಲಜನಕ, ಎರಡು ಟರ್ಷರಿ ಬ್ಯುಟಾಕ್ಸಿ ಹುಟ್ಟುತ್ತವೆ. ಇದಕ್ಕೆ ಹೈಡ್ರೋಜನ್ ಸಿಕ್ಕರೆ ಕಟ್ಟಿಕೊಳ್ಳುವ ಬಂಧದ ಬಲ ಸುಮಾರು 440. ಟಾಲುಯೀನ್‌ನ ಮೀಥೈಲ್‌ನಿಂದ ಕಸಿದರೆ 375 ಖರ್ಚು, 65ರಷ್ಟು ಲಾಭ. ಉಂಗುರದಿಂದ ಕಸಿದರೆ 472 ಖರ್ಚು, ನಷ್ಟ. ಆದ್ದರಿಂದ ಟರ್ಷರಿ ಬ್ಯೂಟೈಲ್ ಆಲ್ಕೊಹಾಲ್ ಮತ್ತು ಬೆಂಜೈಲ್. ಒಂದಷ್ಟು ಬ್ಯುಟಾಕ್ಸಿ ಬೀಟಾ ವಿದಳನದಿಂದ ಅಸಿಟೋನ್ ಮತ್ತು ಮೀಥೈಲ್ ಆಗುತ್ತದೆ, ಮೀಥೈಲ್ ಟಾಲುಯೀನ್‌ನಿಂದ ಹೈಡ್ರೋಜನ್ ಕಸಿದು ಮೀಥೇನ್ ಆಗಿ ಮತ್ತೊಂದು ಬೆಂಜೈಲ್ ಉಳಿಸುತ್ತದೆ. ಬೆಂಜೈಲ್‌ಗಳಿಗೆ ಟಾಲುಯೀನ್‌ನಿಂದ ಹೈಡ್ರೋಜನ್ ಕಸಿದು ಲಾಭವಿಲ್ಲ, ಕಸಿದರೂ ಹುಟ್ಟುವುದು ಮತ್ತೆ ಬೆಂಜೈಲೇ. ಅವು ಜೊತೆಗೂಡಿ ಬೈಬೆಂಜೈಲ್ ಆಗುತ್ತವೆ. ಅದರ ನಡುಬಂಧ 273 ಮಾತ್ರ ಎಂದು ಮೂರನೇ ಹಂತದಲ್ಲಿ ನೋಡಿದೆವು. ಆದರೂ 130 ಡಿಗ್ರಿಗೆ ಅದು ಮುರಿಯುವುದಿಲ್ಲ, ಏಕೆಂದರೆ ಆ ತಾಪಮಾನದಲ್ಲಿ ಕೆಲವು ಗಂಟೆಗಳೊಳಗೆ ಒಡೆಯಬೇಕಾದರೆ ಬಂಧ 160ರ ಮಟ್ಟದಲ್ಲಿರಬೇಕು. ನಿಮ್ಮ ಉತ್ತರದಲ್ಲಿ ಸ್ವಲ್ಪ ಈಥೈಲ್ ಬೆಂಜೀನ್ ಕೂಡ ಬಂದಿದ್ದರೆ ಅಳಿಸಬೇಡಿ. ಮೀಥೈಲ್ ಮತ್ತು ಬೆಂಜೈಲ್ ಎದುರಾದಾಗ ಅದೂ ಆಗುತ್ತದೆ.